ನಿಂತ ನೀರಿನ ಪ್ರಧಾನಿ

ಮಾಗಿ ಮುಗಿಯುತ್ತ ಬಂದಾಗ ನಮ್ಮೂರಿನ ಹೊಳೆ ನಿಲ್ಲುತ್ತದೆ. ಒಂದು ವರ್ಷವೆಲ್ಲ ಮೂಡಲಿಗೆ ಹರಿದ ನೀರು ಒಂದು ಬೆಳಿಗ್ಗೆ ಸುಮ್ಮನಾಗಿ, ಹತ್ತು ಹನ್ನೆರಡು ದಿನ ಹಾಗೇ ಇದ್ದು, ಆಮೇಲೆ ಮುಂದಿನ ವರ್ಷವೆಲ್ಲ ಪಡುವಲಿಗೆ ಹರಿಯುತ್ತದೆ. ಆ ದಿನಗಳಲ್ಲಿ ದೋಣಿಯವರು ಮನೆಯ ಹೆಂಚು ಕೈಯಾಡಿಸುತ್ತಾರೆ. ಬಟ್ಟೆ ಒಗೆಯುವವರು ಗಂಟು ಹೊತ್ತು ಬಾವಿಗಳ ಕಡೆ ಹೋಗುತ್ತಾರೆ. ಸೊಳ್ಳೆ ಹೆಚ್ಚುತ್ತದೆ, ಸ್ವಲ್ಪ ವಾಸನೆ ಏಳುತ್ತದೆ, ಜನ ಬೇವಿನ ಹೊಗೆ ಹಾಕಿಕೊಂಡು ಕಾಯುತ್ತಾರೆ.

ನಮ್ಮದು ಚಿಕ್ಕ ದೇಶ, ರಾಜಧಾನಿಯೂ ಇದೇ ಊರು. ಹೊಳೆ ನಿಂತ ದಿನ ಪ್ರಧಾನಿ ರಾಜೀನಾಮೆ ಕೊಡಬೇಕು, ಹರಿದ ದಿನ ಹೊಸಬರು ಪ್ರಮಾಣ ಮಾಡಬೇಕು ಎಂಬುದು ನಿಯಮ. ಹೊಸಬರು ಎಂದರೆ ಸಾಮಾನ್ಯವಾಗಿ ಹಳಬರೇ. ನಡುವಿನ ಹನ್ನೆರಡು ದಿನ ಕುರ್ಚಿ ಖಾಲಿ ಬಿಡುವಂತಿಲ್ಲ. ಆ ದಿನಗಳಲ್ಲಿ ಆಗುವ ಕೆಲಸವೆಂದರೆ ಸಂತಾಪ ಸೂಚನೆಗಳಿಗೆ ರುಜು ಹಾಕುವುದು, ವಾಸನೆಯ ಬಗ್ಗೆ ಬೈಸಿಕೊಳ್ಳುವುದು. ಗಂಡಸರಿಗೆ ಅದು ಬೇಡವಾಯಿತು. ಹಾಗಾಗಿ ಕಳೆದ ಮೂವತ್ತು ವರ್ಷಗಳಿಂದ ಆ ಹನ್ನೆರಡು ದಿನಕ್ಕೆ ಸಭೆಯ ಹೆಂಗಸರಲ್ಲಿ ಒಬ್ಬರನ್ನು ಕೂರಿಸುತ್ತ ಬಂದಿದ್ದಾರೆ. ನಿಂತ ನೀರಿನ ಪ್ರಧಾನಿ ಎಂದು ಕರೆಯುತ್ತಾರೆ. ಹೊರದೇಶದ ಅತಿಥಿಗಳು ಬಂದಾಗ ನಮ್ಮವರು ಇದನ್ನು ತಪ್ಪದೆ ಹೇಳುತ್ತಾರೆ: ನಮ್ಮಲ್ಲಿ ಮೂವತ್ತು ಸಲ ಮಹಿಳೆ ಪ್ರಧಾನಿಯಾಗಿದ್ದಾಳೆ, ನಿಮ್ಮಲ್ಲಿ ಎಷ್ಟು ಸಲ? ಅತಿಥಿಗಳು ತಲೆದೂಗುತ್ತಾರೆ.

ನಾನು ಸರ್ವಮಂಗಳ. ಸಭಾಭವನದಲ್ಲಿ ಶೀಘ್ರಲಿಪಿಗಾರ್ತಿಯಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಅವರೆಲ್ಲರ ಮಾತನ್ನೂ ಬರೆದುಕೊಂಡಿದ್ದೇನೆ. ಈಗ ಹೇಳುತ್ತಿರುವುದು ದೇವೀರಮ್ಮನವರ ವಿಷಯ.

ದೇವೀರಮ್ಮ ಊರ ಮೇಲಿನ ಕಲ್ಲುಗುಡ್ಡದ ಕೆರೆಯ ತೂಬು ಕಾಯುತ್ತಿದ್ದವರ ಮಗಳು. ಐದು ಸಲ ಗೆದ್ದು ಇಪ್ಪತ್ತೆರಡು ವರ್ಷದಿಂದ ಸಭೆಯಲ್ಲಿದ್ದರು. ಪಕ್ಷದ ಪ್ರಣಾಳಿಕೆಯನ್ನು ಪ್ರತಿ ಸಲ ಬರೆಯುತ್ತಿದ್ದವರು ಅವರೇ, ಓದುತ್ತಿದ್ದವರು ಪರ್ವತಪ್ಪನವರು. ಪರ್ವತಪ್ಪ ಒಂಬತ್ತು ವರ್ಷದಿಂದ ಪ್ರಧಾನಿ, ಪಕ್ಷಕ್ಕೂ ಅವರೇ ಅಧ್ಯಕ್ಷ. ಪ್ರತಿ ಸಲ ಮಂತ್ರಿಮಂಡಲ ಮಾಡುವಾಗ ದೇವೀರಮ್ಮ ನೀರಾವರಿ ಖಾತೆ ಕೇಳುತ್ತಿದ್ದರು. ಅಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಓಡಾಟ, ಇಂಜಿನಿಯರುಗಳ ಸಹವಾಸ, ಗುತ್ತಿಗೆದಾರರ ಬಾಯಿ, ನಿಮಗೇಕೆ ಎಂದು ಹೇಳಿ ಮಹಿಳಾ ಮತ್ತು ಮಕ್ಕಳ ಖಾತೆ ಕೊಡುತ್ತಿದ್ದರು. ನಿಜವಾದ ತೀರ್ಮಾನಗಳು ಆಗುತ್ತಿದ್ದದ್ದು ಸಂಜೆ ಪರ್ವತಪ್ಪನವರ ಕ್ಲಬ್ಬಿನಲ್ಲಿ. ಅಲ್ಲಿಗೆ ಹೆಂಗಸರು ಹೋಗುವ ವಾಡಿಕೆ ಇರಲಿಲ್ಲ, ಬೇಡ ಎಂದು ಯಾರೂ ಹೇಳಿರಲೂ ಇಲ್ಲ. ಮರುದಿನ ಬೆಳಿಗ್ಗೆ ಸಭೆಗೆ ಬಂದರೆ ಎಲ್ಲ ಮುಗಿದಿರುತ್ತಿತ್ತು.

ದೇವೀರಮ್ಮ ಮೂರು ಸಲ ನಿಂತ ನೀರಿನ ಪ್ರಧಾನಿಯಾಗಿದ್ದರು. ಆ ವರ್ಷ ನಾಲ್ಕನೆಯ ಸಲ ಕರೆ ಬಂದಾಗ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರಂತೆ. ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದು ಗಂಡ ವರದರಾಜಯ್ಯನವರಿಗೆ ಅದೇ ವಾರ ಹೇಳಿದ್ದರು. ಪರ್ವತಪ್ಪ ಫೋನಿನಲ್ಲಿ, "ಹನ್ನೆರಡು ದಿನ ತಾನೇ ದೇವೀರಮ್ಮ, ನೋಡ್ಕೊಂಡ್ಬಿಡಿ," ಎಂದರು. ಬೇಡ ಎನ್ನಲು ಕಾರಣ ಹುಡುಕುವುದಕ್ಕಿಂತ ಒಪ್ಪಿಕೊಳ್ಳುವುದೇ ಸುಲಭವಾಗಿತ್ತು ಎಂದು ಆಮೇಲೆ ನನಗೆ ಹೇಳಿದರು.

ಪ್ರಧಾನಿ ನಿವಾಸದಲ್ಲಿ ಅವರಿಗೆ ಯಾವಾಗಲೂ ಕೊಡುತ್ತಿದ್ದದ್ದು ಅತಿಥಿಗಳ ಕೋಣೆ. ದೊಡ್ಡ ಕಚೇರಿಗೆ ಬೀಗ, ಬೀಗದ ಕೈ ಪರ್ವತಪ್ಪನವರ ಕಾರ್ಯದರ್ಶಿಯ ಬಳಿ. ಊಟದ ಮೇಜಿನ ಒಂದು ತುದಿಯಲ್ಲಿ ನಾವಿಬ್ಬರೂ ಕೂತು ಸಂತಾಪ ಸೂಚನೆಗಳನ್ನು ಮುಗಿಸುತ್ತಿದ್ದೆವು. ಪತ್ರಿಕೆಯವನೊಬ್ಬ ಬಂದು, ಈ ಹನ್ನೆರಡು ದಿನ ಮನೆಯಲ್ಲಿ ಯಜಮಾನರಿಗೆ ಅಡಿಗೆ ಯಾರು ಮಾಡುತ್ತಾರೆ ಎಂದು ಕೇಳಿದ. ಕಳೆದ ಮೂರು ಸಲವೂ ಇದೇ ಪ್ರಶ್ನೆ ಬಂದಿತ್ತು. ಅವರು ಹಿಂದಿನ ಉತ್ತರವನ್ನೇ ಕೊಟ್ಟರು.

ಹನ್ನೆರಡು ದಿನ ಕಳೆಯಿತು, ಹೊಳೆ ಅಲುಗಲಿಲ್ಲ. ಹದಿನೈದಾಯಿತು, ಇಪ್ಪತ್ತಾಯಿತು. ದೋಣಿಯವರು ಹೆಂಚು ಕೈಯಾಡಿಸಿ ಮುಗಿಸಿ, ಉದ್ದನೆಯ ಬಿದಿರು ತಂದು, ಅದನ್ನು ಕೆಸರಿಗೆ ಊರಿ ದೋಣಿ ನೂಕಿಕೊಂಡು ಊರಿನ ಸಾಮಾನು ಸಾಗಿಸಲು ತೊಡಗಿದರು. ಅರ್ಧ ಗಂಟೆಯ ದಾರಿಗೆ ಇಡೀ ಬೆಳಿಗ್ಗೆ ಹಿಡಿಯುತ್ತಿತ್ತು. ಶಾಲೆಗಳು ಹೊಳೆಯ ಕಡೆಯ ಕಿಟಕಿ ಮುಚ್ಚಿ ಪಾಠ ನಡೆಸಿದವು. ಅಂಗಡಿಗಳಲ್ಲಿ ಕರ್ಪೂರ ಮುಗಿಯಿತು. ನೀರು ಹಸಿರಾಯಿತು, ಹಸಿರು ಕಪ್ಪಾಯಿತು. ಮೂವತ್ತನೆಯ ದಿನದ ಹೊತ್ತಿಗೆ ಬಣ್ಣಗಾರರ ಕೇರಿಯಲ್ಲಿ ಮಕ್ಕಳಿಗೆ ವಾಂತಿಭೇದಿ ಶುರುವಾಯಿತು. ಆ ಕೇರಿ ಊರಿನ ತಗ್ಗು. ಬಣ್ಣದ ಕಾರ್ಖಾನೆಗಳ ಕೊಳೆನೀರು ಬಿಡುತ್ತಿದ್ದದ್ದೂ ಅಲ್ಲಿಯ ಹೊಳೆಗೇ. ನೀರು ಹರಿಯುವಾಗ ಅದು ಮುಂದಕ್ಕೆ ಹೋಗುತ್ತಿತ್ತು, ಈಗ ಬಾವಿಗಳಿಗೆ ಇಳಿಯುತ್ತಿತ್ತು.

ಒಂದೇ ವಾರದಲ್ಲಿ ನಾಲ್ಕು ಮಕ್ಕಳು ತೀರಿಕೊಂಡವು. ನಾಲ್ಕು ಸಂತಾಪ ಸೂಚನೆಗಳನ್ನು ನಾನೇ ಟೈಪು ಮಾಡಿದೆ. ಮೂರಕ್ಕೆ ರುಜು ಹಾಕಿ, ನಾಲ್ಕನೆಯದಕ್ಕೆ ದೇವೀರಮ್ಮ ಪೆನ್ನು ಕೆಳಗಿಟ್ಟರು. ಮುಖ್ಯ ಕಾರ್ಯದರ್ಶಿಯನ್ನು ಕರೆಸಿ, ಕಾರ್ಖಾನೆಗಳ ಕೊಳವೆ ಮುಚ್ಚಿಸಬೇಕು, ಕಲ್ಲುಗುಡ್ಡದ ಕೆರೆಯಿಂದ ಊರಿಗೆ ನೀರು ಬಿಡಿಸಬೇಕು, ಆದೇಶ ಸಿದ್ಧಮಾಡಿ ಎಂದರು. ಆತ ಒಳ್ಳೆಯ ಮನುಷ್ಯ, ಎಂದೂ ದನಿ ಎತ್ತಿದವರಲ್ಲ. ಕೆರೆಯ ನೀರು ಮೇಲ್ಸೀಮೆಯ ಕಬ್ಬಿಗೆ ಹೋಗುವಂಥದ್ದು, ಅದು ಪರ್ವತಪ್ಪನವರ ಕ್ಷೇತ್ರ, ಇಂಥ ದೊಡ್ಡ ಆದೇಶಗಳನ್ನು ನಿಂತ ನೀರಿನ ಪ್ರಧಾನಿ ಮಾಡುವಂತಿಲ್ಲ, ಹೊಳೆ ಹರಿಯಲಿ ಎಂದು ವಿನಯವಾಗಿ ಹೇಳಿ ಕಡತವನ್ನು ಮಡಿಸಿಕೊಂಡು ಹೋದರು. ಪರ್ವತಪ್ಪನವರೂ ಒಂದು ಪತ್ರ ಕಳಿಸಿದರು. ನಿಂತ ನೀರಿನ ಪ್ರಧಾನಿಗೆ ಹೊಸ ಆದೇಶ ಮಾಡುವ ಅಧಿಕಾರವೂ ಇಲ್ಲ, ಹಳೆಯ ಆದೇಶ ರದ್ದುಮಾಡುವ ಅಧಿಕಾರವೂ ಇಲ್ಲ, ಇದು ದೇಶದ ಸಂಪ್ರದಾಯ ಎಂದು ಅದರಲ್ಲಿತ್ತು. ಪತ್ರಿಕೆಗಳಿಗೂ ಅದರ ಪ್ರತಿ ಹೋಗಿತ್ತು.

ಅವತ್ತು ಮಧ್ಯಾಹ್ನ ದೇವೀರಮ್ಮ ಊಟ ಮಾಡಲಿಲ್ಲ. ಪತ್ರವನ್ನು ನನ್ನ ಕಡೆ ಸರಿಸಿ, "ಇದು ಎಲ್ಲಿ ಬರ್ದಿದೆ ಮಂಗಳ?" ಎಂದರು.

ನಿಯಮ ಪುಸ್ತಕದ ಕಳೆದ ಎರಡು ಮುದ್ರಣಗಳನ್ನು ಅಚ್ಚಿಗೆ ಸಿದ್ಧಮಾಡಿದವಳು ನಾನು. ಆದರೂ ತಂದು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಹೊಳೆ ನಿಂತಾಗ ಒಬ್ಬರನ್ನು ಪ್ರಧಾನಿ ಮಾಡಬೇಕು ಎಂದಿತ್ತು. ಆಕೆ ಇಂಥದ್ದನ್ನು ಮಾಡಬಾರದು ಎಂದು ಎಲ್ಲಿಯೂ ಇರಲಿಲ್ಲ. ಹಾಗೆಂದು ಹೇಳಿದೆ.

ಅವರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ನೋಡಿದರು. "ಮೂರು ಸಲ ಇಲ್ಲೇ ಕೂತಿದ್ದೆ. ಒಂದು ಸಲಾನೂ ಕೇಳ್ಲಿಲ್ಲ ನೋಡು ನಾನು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ನಡೆದು ಬಂದ ಮೇಲೆ ಬಸ್ಸು ಇತ್ತು ಎಂದು ತಿಳಿದವರ ದನಿ ಅದು. ಕೇಳಬೇಕಾಗಿದ್ದವಳು ನಾನೂ ಹೌದು. ಅಷ್ಟು ಹೆಂಗಸರ ಮಾತು ಬರೆದುಕೊಂಡವಳು, ಪುಸ್ತಕವೂ ನನ್ನ ಕೈಯಲ್ಲೇ ಇತ್ತು.

ಆದೇಶವನ್ನು ಅವರು ಹೇಳಿದರು, ನಾನು ಬರೆದೆ. ನಲವತ್ತಮೂರನೆಯ ದಿನ ಅದನ್ನು ಹಿಡಿದುಕೊಂಡು ಕಲ್ಲುಗುಡ್ಡಕ್ಕೆ ಹೋದೆವು. ಊರ ಕಾಲುವೆಯ ತೂಬು ಇಪ್ಪತ್ತು ವರ್ಷದಿಂದ ಮುಚ್ಚಿತ್ತು. ಇಂಜಿನಿಯರು ಆದೇಶವನ್ನು ಎರಡು ಸಲ ಓದಿ, ಇಲಾಖೆಯ ಮೊಹರು ಇಲ್ಲ ಎಂದ. ಸರ್ಕಾರ ಬಿದ್ದ ಮೇಲೆ ಇಲಾಖೆಗೆ ಮಂತ್ರಿ ಇಲ್ಲ, ಎಲ್ಲ ಇಲಾಖೆಯೂ ನನ್ನದೇ ಎಂದು ದೇವೀರಮ್ಮ ಹೇಳಿದರು. ಆಮೇಲೆ ಆತ, ಚಕ್ರ ತುಕ್ಕು ಹಿಡಿದಿದೆ, ತಿರುಗಿಸಿದರೆ ಮುರಿಯುತ್ತದೆ ಎಂದ. ದೇವೀರಮ್ಮ ಸೀರೆ ಎತ್ತಿ ಕಟ್ಟಿಕೊಂಡು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು, ಪಾಚಿಯಲ್ಲಿ ಮುಚ್ಚಿಹೋಗಿದ್ದ ಚಿಕ್ಕ ಕದವೊಂದನ್ನು ತೋರಿಸಿದರು. ಮೊದಲು ಇದನ್ನು ಎತ್ತಿ ಒತ್ತಡ ಇಳಿಸಬೇಕು, ಆಮೇಲೆ ದೊಡ್ಡದು ತಾನಾಗಿ ಸಡಿಲವಾಗುತ್ತದೆ, ನಮ್ಮಪ್ಪ ಹಾಗೇ ಮಾಡುತ್ತಿದ್ದರು ಎಂದರು. ನಾಲ್ಕು ಆಳು ಸೇರಿ ಚಿಕ್ಕದನ್ನು ಎತ್ತಿದರು. ಒಂದು ಗಂಟೆ ಕಾದು ದೊಡ್ಡ ಚಕ್ರಕ್ಕೆ ಕೈ ಹಾಕಿದರೆ ಅದು ಕಿರುಗುಟ್ಟುತ್ತ ತಿರುಗಿತು. ನೀರು ಕಾಲುವೆಗೆ ಬಿದ್ದ ಸದ್ದಿಗೆ ಇಂಜಿನಿಯರು ತನಗೇ ಗೊತ್ತಿಲ್ಲದಂತೆ ನಕ್ಕುಬಿಟ್ಟ.

ಮರುದಿನದ ಪತ್ರಿಕೆಗಳಲ್ಲಿ ಬಂದದ್ದು ಅವರ ಮೊಣಕಾಲಿನ ಚಿತ್ರ. ದೇಶದ ಪ್ರಧಾನಿ ಹೀಗೆ ಸೀರೆ ಎತ್ತಿ ನಿಲ್ಲುವುದು ಸರಿಯೇ ಎಂದು ಒಂದು ವಾರ ಚರ್ಚೆ ನಡೆಯಿತು. ಇಬ್ಬರು ಹಿರಿಯ ಲೇಖಕರು ಸರಿ ಎಂದೂ ಮೂವರು ಸರಿಯಲ್ಲ ಎಂದೂ ಬರೆದರು. ವರದರಾಜಯ್ಯನವರಿಗೆ ಪೇಟೆಗೆ ಹೋಗಿ ಬರುವುದು ಕಷ್ಟವಾಯಿತು. ಅಷ್ಟರಲ್ಲಿ ಕೇರಿಯ ಬಾವಿಗಳಿಗೆ ಸುಣ್ಣ ಹಾಕಿಸಿ ಆಗಿತ್ತು, ಎರಡು ಕಾರ್ಖಾನೆಗಳ ಕೊಳವೆಗೆ ಗಾರೆ ಮೆತ್ತಿಸಿ ಆಗಿತ್ತು, ಕಾಲುವೆಯ ನೀರು ನಲ್ಲಿಗೆ ಬಂದಿತ್ತು. ಐವತ್ತನೆಯ ದಿನದ ನಂತರ ಮಕ್ಕಳ ಸಂತಾಪ ಸೂಚನೆ ಬರೆಯಬೇಕಾಗಿ ಬರಲಿಲ್ಲ.

ಜನ ಅತಿಥಿಗಳ ಕೋಣೆಯ ಬಾಗಿಲಿಗೇ ಬಂದು ಅರ್ಜಿ ಕೊಡಲು ತೊಡಗಿದರು. ಕುರ್ಚಿ ಮೊದಲಿನದೇ, ಆದರೆ ಈಗ ಅದರಲ್ಲಿ ಕೂತವರ ಮಾತು ನಡೆಯುತ್ತಿತ್ತು. ಅದು ಗೊತ್ತಾದ ಮೇಲೆ ಕ್ಲಬ್ಬಿನಲ್ಲಿ ಕೂತವರಿಗೆ ಕುರ್ಚಿಯ ನೆನಪಾಯಿತು. ಹೊಳೆ ನಿಂತೇ ಇತ್ತು, ಹಾಗಾಗಿ ಅದನ್ನು ಹರಿಯುತ್ತಿದೆ ಎಂದು ಘೋಷಿಸುವುದೊಂದೇ ದಾರಿ. ತಜ್ಞರ ಸಮಿತಿಯೊಂದು ದಂಡೆಗೆ ಹೋಗಿ ಬಾಳೆಲೆಯ ದೊನ್ನೆಯೊಂದನ್ನು ನೀರಿಗೆ ಬಿಟ್ಟು, ಗಾಳಿಗೆ ಅದು ಒಂದು ಮಾರು ಪಡುವಲಿಗೆ ಸರಿದದ್ದನ್ನು ಅಳೆದು ವರದಿ ಬರೆಯಿತು. ಹೊಳೆ ಹರಿಯುತ್ತಿದೆಯೇ ಇಲ್ಲವೇ ಎಂಬುದನ್ನು ಸಭೆ ಮತಕ್ಕೆ ಹಾಕುವುದು ಎಂದು ನಿಶ್ಚಯವಾಯಿತು.

ಸಭೆಯಲ್ಲಿ ನೂರಹನ್ನೆರಡು ಮಂದಿ, ಅವರಲ್ಲಿ ಹೆಂಗಸರು ಒಂಬತ್ತು. ಬಣ್ಣಗಾರರ ಕೇರಿಯಿಂದ ಗೆದ್ದಿದ್ದವಳು ಮೆಹರುನ್ನಿಸಾ, ಮೂವತ್ತನಾಲ್ಕು ವರ್ಷದವಳು, ಅದೇ ಮೊದಲ ಸಲ ಬಂದವಳು. ಮತದಾನದ ಹಿಂದಿನ ದಿನ ಬೆಳಿಗ್ಗೆ ಅವಳು ದೇವೀರಮ್ಮನವರನ್ನು ನೋಡಲು ಬಂದಳು. ನಾನು ಎದ್ದು ಹೋಗಲು ನೋಡಿದೆ, ಇರಲಿ ಕೂತ್ಕೊ ಎಂದರು.

"ನಾನು ಅವರ ಕಡೆ ಕೈ ಎತ್ತಬೇಕು ಅಂತಿದೀನಿ," ಎಂದು ಮೆಹರುನ್ನಿಸಾ ನಿಂತುಕೊಂಡೇ ಹೇಳಿದಳು. "ನೀವು ಬೇರೆಯವರಿಂದ ಕೇಳೋದು ಬೇಡ ಅಂತ ಬಂದೆ."

ದೇವೀರಮ್ಮ ಕೂರಲು ಹೇಳಿದರು. ಅವಳು ಕೂತಳು. ಕೊಳವೆ ಮುಚ್ಚಿದ ಮೇಲೆ ಕಾರ್ಖಾನೆಗಳು ನಿಂತಿವೆ, ಕೇರಿಯ ಅರ್ಧ ಮನೆಗಳಲ್ಲಿ ಕೆಲಸವಿಲ್ಲ, ಮಕ್ಕಳು ಉಳಿದರು ಎಂದು ಹರಸಿದ ಬಾಯಲ್ಲೇ ಈಗ ನನ್ನನ್ನು ಬೈಯುತ್ತಾರೆ ಎಂದಳು. ಮುಂದಿನ ಮಂತ್ರಿಮಂಡಲದಲ್ಲಿ ಜಾಗ ಕೊಡುತ್ತೇವೆ, ಮುಂದಿನ ವರ್ಷದ ಹನ್ನೆರಡು ದಿನವೂ ನಿನಗೇ ಎಂದು ಪರ್ವತಪ್ಪ ಹೇಳಿ ಕಳಿಸಿದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ ಎಂದಳು.

"ನನಗೂ ಆಗಿನವರು ಹಾಗೇ ಹೇಳಿದ್ರು, ಹದಿನೆಂಟು ವರ್ಷದ ಹಿಂದೆ," ಎಂದರು ದೇವೀರಮ್ಮ.

"ನೀವು ಏನ್ಮಾಡಿದ್ರಿ?"

"ಒಪ್ಕೊಂಡೆ."

ಕೊಳವೆಗೆ ಸೋಸುವ ತೊಟ್ಟಿ ಕಟ್ಟಿಸಲು ಮೂರು ತಿಂಗಳು ಬೇಕು, ಕಟ್ಟಿಸಿದವರಿಗೆ ಕಾರ್ಖಾನೆ ತೆರೆಯಲು ಬಿಡುತ್ತೇನೆ, ಅದರ ನಕ್ಷೆ ಇಲ್ಲಿದೆ ಎಂದು ದೇವೀರಮ್ಮ ಕಾಗದಗಳನ್ನು ಅವಳ ಮುಂದೆ ಇಟ್ಟರು. ನನಗೆ ಅಷ್ಟು ದಿನ ಸಿಗಲಿಕ್ಕಿಲ್ಲ, ನೀನು ಇಟ್ಟುಕೊಂಡಿರು, ಯಾರ ಕಡೆ ಕೈ ಎತ್ತಿದರೂ ಇದು ಬೇಕಾಗುತ್ತದೆ ಎಂದರು. ತಮಗೆ ಮತ ಹಾಕು ಎಂದು ಕೇಳಲಿಲ್ಲ. ಅವಳು ಹೋದ ಮೇಲೆ ನಾನು ಏಕೆ ಕೇಳಲಿಲ್ಲ ಎಂದೆ. "ಕೇಳಿ ಕೇಳಿ ಸಾಕಾಗಿದೆ ಕಣೆ," ಎಂದರು.

ಹೊಳೆ ಹರಿಯುತ್ತಿದೆ ಎಂದು ಎಪ್ಪತ್ತೊಂದು ಮಂದಿ ಕೈ ಎತ್ತಿದರು. ಮೆಹರುನ್ನಿಸಾಳ ಕೈ ಎಲ್ಲರಿಗಿಂತ ತಡವಾಗಿ ಮೇಲೆ ಹೋಯಿತು, ಆದರೂ ಹೋಯಿತು. ಅದು ತೊಂಬತ್ತೊಂದನೆಯ ದಿನ. ಸಭಾಭವನದ ಕಿಟಕಿಯಿಂದ ಹೊಳೆ ಕಾಣುತ್ತದೆ. ಕೈ ಎಣಿಸುವಾಗ ಆ ಕಡೆ ಯಾರೂ ನೋಡಲಿಲ್ಲ.

ಉಳಿದದ್ದು ಒಂದೇ. ಅಧಿಕಾರ ಬಿಟ್ಟುಕೊಡುವವರು ಹೊಳೆ ಪುಸ್ತಕದಲ್ಲಿ, ಹೊಳೆ ಹರಿದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ರುಜು ಹಾಕಬೇಕು. ಮುಖ್ಯ ಕಾರ್ಯದರ್ಶಿ ಪುಸ್ತಕ ತಂದು ಬಿಚ್ಚಿಟ್ಟರು. ದೇವೀರಮ್ಮ ಕುರ್ಚಿ ಬಿಡಲು ಸಿದ್ಧರಿದ್ದರು, ತಮ್ಮ ಎರಡು ಚೀಲ ಆಗಲೇ ಬಾಗಿಲಿಗೆ ಇಟ್ಟುಕೊಂಡಿದ್ದರು. ರುಜು ಮಾತ್ರ ಹಾಕಲಿಲ್ಲ. "ನಾನು ಕಂಡಿಲ್ಲ. ಕಾಣದ್ದನ್ನ ಹೇಗೆ ಬರೀಲಿ?" ಎಂದರು.

ಪರ್ವತಪ್ಪನವರೇ ಬಂದರು. ಮೊದಲು ಅಕ್ಕ ಎಂದರು, ಆಮೇಲೆ ಅಮ್ಮ ಎಂದರು. ಇಪ್ಪತ್ತೆರಡು ವರ್ಷದ ಸ್ನೇಹ, ಪಕ್ಷದ ಮಾನ, ವರದರಾಜಯ್ಯನವರ ಆರೋಗ್ಯ, ಎಲ್ಲವನ್ನೂ ಎತ್ತಿದರು. ದೇವೀರಮ್ಮ ಎಲ್ಲದಕ್ಕೂ ತಲೆಯಾಡಿಸಿ, ಚೀಲ ಎತ್ತಿಕೊಂಡು ಊರೊಳಗಿನ ಬಸ್ಸು ಹತ್ತಿ ಮನೆಗೆ ಹೋದರು.

ರುಜು ಇಲ್ಲದೆಯೇ ಪರ್ವತಪ್ಪ ಅವತ್ತು ಸಂಜೆ ಪ್ರಮಾಣ ಮಾಡಿದರು. ಗೆಜೆಟ್ಟಿಗೆ ಪ್ರಕಟಣೆ ಸಿದ್ಧಮಾಡುವ ಕೆಲಸ ನನ್ನದು. ಹೊಳೆ ಪುಸ್ತಕದಲ್ಲಿ ರುಜು ಇದ್ದರೆ ಒಂದು ನಮೂನೆ, ಇಲ್ಲದಿದ್ದರೆ ಇನ್ನೊಂದು. ಮೂರನೆಯದನ್ನು ಯಾರೂ ಮಾಡಿಟ್ಟಿಲ್ಲ. ನಾನು ಎರಡನೆಯ ನಮೂನೆಯಲ್ಲಿ ಅವರ ಹೆಸರು ತುಂಬಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಮರುದಿನ ದೇಶವೆಲ್ಲ ಓದಿದ್ದು: ಸನ್ಮಾನ್ಯ ಪರ್ವತಪ್ಪನವರು ನಿಂತ ನೀರಿನ ಪ್ರಧಾನಿಯಾಗಿ ಅಧಿಕಾರ ವಹಿಸಿಕೊಂಡರು.

ನನ್ನನ್ನು ಕರೆಸಿ ಕೂಗಾಡಿದರು. ನಾನು ನಿಯಮ ಪುಸ್ತಕ ತೋರಿಸಿದೆ. ಅವರ ಮೊದಲ ಕೆಲಸ ಕಲ್ಲುಗುಡ್ಡದ ತೂಬು ಮುಚ್ಚಿಸುವುದಾಗಿತ್ತು. ಕಡತ ಮುಖ್ಯ ಕಾರ್ಯದರ್ಶಿಯ ಬಳಿ ಹೋಯಿತು. ಅದೇ ವಿನಯದಿಂದ ಅವರು, ನಿಂತ ನೀರಿನ ಪ್ರಧಾನಿ ಹಳೆಯ ಆದೇಶ ರದ್ದುಮಾಡುವಂತಿಲ್ಲ ಎಂಬ ಪರ್ವತಪ್ಪನವರದೇ ಪತ್ರ ಕಡತದಲ್ಲಿದೆ ಎಂದು ಬರೆದು ವಾಪಸು ಕಳಿಸಿದರು. ಆ ಪತ್ರದ ಮಾತು ತಪ್ಪು ಎಂದು ಪರ್ವತಪ್ಪ ಹೇಳಬೇಕಾದರೆ ತಾನು ನಿಂತ ನೀರಿನ ಪ್ರಧಾನಿ ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತು. ಅದಕ್ಕೆ ಅವರಿಗೆ ಬಾಯಿ ಬರಲಿಲ್ಲ. ಪತ್ರಿಕೆಯವರು ಅವರ ಮನೆಯ ಅಡಿಗೆಯ ಬಗ್ಗೆ ಏನೂ ಕೇಳಲಿಲ್ಲ.

ಹೀಗೆ ತೂಬು ತೆರೆದೇ ಇದ್ದ ದಿನಗಳಲ್ಲಿ ಮೆಹರುನ್ನಿಸಾ ಒಂದು ಮಸೂದೆ ತಂದಳು. ಕಲ್ಲುಗುಡ್ಡದ ನೀರಿನಲ್ಲಿ ಮೂರನೆಯ ಒಂದು ಪಾಲು ಊರಿಗೆ, ಸೋಸುವ ತೊಟ್ಟಿ ಕಟ್ಟಿದ ಕಾರ್ಖಾನೆಗೆ ಮಾತ್ರ ಕೊಳವೆ ತೆರೆಯಲು ಪರವಾನಗಿ. ನಕ್ಷೆ ದೇವೀರಮ್ಮನವರದೇ. ಉಳಿದ ಹೆಂಗಸರ ಮನೆಮನೆಗೆ ಅವಳು ನಡೆದು ಹೋದಳು. ತಗ್ಗಿನ ಕೇರಿಗಳಿಂದ ಗೆದ್ದ ಗಂಡಸರನ್ನು ಅವರವರ ಹೆಂಡತಿಯರ ಎದುರಿಗೇ ಕೂರಿಸಿಕೊಂಡು ಮಾತಾಡಿದಳು. ಮಸೂದೆ ಮೂರು ಮತಗಳಿಂದ ಗೆದ್ದಿತು. ಅವತ್ತು ಅವಳು ಭವನದ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಚಪ್ಪಲಿ ಬಿಟ್ಟು ಕೂತಿದ್ದಳು. ದೇವೀರಮ್ಮನವರಿಗೆ ಹೇಳಿದೆಯಾ ಎಂದೆ. ನನಗೆ ಮುಖ ಇಲ್ಲ, ನೀವೇ ಹೇಳಿ ಎಂದಳು. ನಾನು ಹೇಳಲಿಲ್ಲ. ಅವಳೇ ಹೋಗಬೇಕಾದ ಜಾಗ ಅದು. ಎರಡು ವಾರವಾದ ಮೇಲೆ ಹೋದಳಂತೆ. ಇಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ.

ಹೊಳೆ ನಿಂತ ನೂರಮೂವತ್ತೊಂಬತ್ತನೆಯ ದಿನ ನಾನು ದೇವೀರಮ್ಮನವರ ಮನೆಯಲ್ಲಿದ್ದೆ. ಅವರಿಗೆ ಬಲಗಣ್ಣಿನ ಪೊರೆ ತೆಗೆಸಿ ಮೂರು ದಿನವಾಗಿತ್ತು. ವರದರಾಜಯ್ಯನವರು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಹೊರಗೆ ಯಾರೋ ಓಡಿದರು, ಆಮೇಲೆ ತುಂಬ ಜನ ಓಡಿದರು. ನಾವು ಮಾಳಿಗೆಯ ಮೇಲೆ ಹೋದೆವು. ಅವರು ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದರು. ದಂಡೆಯ ಪಾಚಿ ಕಿತ್ತುಕೊಂಡು ಪಡುವಲಿಗೆ ಸರಿಯುತ್ತಿತ್ತು. ದೋಣಿಯವರು ಬಿದಿರು ಒಳಗೆ ಎಳೆದುಕೊಂಡು ಸುಮ್ಮನೆ ಕೂತಿದ್ದರು, ದೋಣಿಗಳು ತಾವೇ ಹೋಗುತ್ತಿದ್ದವು.

"ಪುಸ್ತಕ ತಗೊಂಡ್ಬಾ ಮಂಗಳ," ಎಂದರು.

ಅವರು ರುಜು ಹಾಕಿದ ಗಳಿಗೆಯಿಂದ ಪರ್ವತಪ್ಪ ಪೂರ್ತಿ ಪ್ರಧಾನಿ. ಕಣ್ಣು ವಾಸಿಯಾಗಲಿ, ಒಂದು ವಾರ ತಡೆದರೆ ಯಾರೂ ಕೇಳುವುದಿಲ್ಲ ಎಂದು ನಾನು ಹೇಳಿದೆ. ಆ ಮನುಷ್ಯನ ಮುಖ ಇನ್ನೊಂದು ವಾರ ಬಾಡಲಿ ಎಂಬ ಆಸೆ ನನಗಿತ್ತು. ಅವರು, ಹರಿದಿದೆ ಅಂದ್ಮೇಲೆ ಹರಿದಿದೆ, ಹೋಗಿ ತಾ ಎಂದರು.

ಹೋಗಿ ತಂದು, ಊಟದ ತಟ್ಟೆ ಸರಿಸಿ ಪುಸ್ತಕ ಇಟ್ಟೆ. ಕಣ್ಣಿಗೆ ಕಟ್ಟು ಇದ್ದದ್ದರಿಂದ ಸಾಲು ಕಾಣದೆ, ಎಲ್ಲಿ ಬರೆಯಬೇಕೋ ಅಲ್ಲಿ ನನ್ನ ಬೆರಳು ಇಡಿಸಿಕೊಂಡರು. ಹೊಳೆ ಹರಿದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದು, ದಿನಾಂಕ ಹಾಕಿ, ರುಜು ಮಾಡಿದರು. ಕೆಳಗೆ ಹುದ್ದೆ ಎಂಬ ಕಡೆ ಪೆನ್ನು ನಿಂತಿತು. ಹಿಂದಿನ ಪುಟಗಳಲ್ಲಿ ಎಲ್ಲರೂ ಅಲ್ಲಿ ಹಂಗಾಮಿ ಎಂದು ಬರೆದಿದ್ದರು, ಇವರೂ ಮೂರು ಸಲ ಹಾಗೇ ಬರೆದಿದ್ದರು. ಏನು ಬರೆಯಲಿ ಎಂದು ಅವರು ಕೇಳಲಿಲ್ಲ. ತಾವಾಗಿಯೇ ಪ್ರಧಾನಿ ಎಂದು ಬರೆದರು. ಅಕ್ಷರ ಸಾಲಿನಿಂದ ಕೆಳಗೆ ಇಳಿದಿತ್ತು.

ಒಳಗಿನಿಂದ ವರದರಾಜಯ್ಯನವರು ಸಾರು ಆರುತ್ತದೆ ಎಂದರು. ದೇವೀರಮ್ಮ ಪೆನ್ನು ಮುಚ್ಚಿ, ಕೈ ತೊಳೆದುಕೊಂಡು ಬರಲು ಎದ್ದರು. ನಾನು ಶಾಯಿ ಒಣಗಲಿ ಎಂದು ಪುಸ್ತಕವನ್ನು ಬಿಚ್ಚಿಯೇ ಇಟ್ಟೆ.